ಚಿಟಿಕೆ ಲೆಕ್ಕ

ಹೊರಗೆ ಕಟಾವಿನ ಯಂತ್ರ ರಾತ್ರಿಯೂ ನಿಂತಿಲ್ಲ.
ಮೋಗಾದಿಂದ ಬರ್ನಾಲಾದವರೆಗೆ ಕಣ್ಣು ಹಾಯಿಸಿದಲ್ಲೆಲ್ಲ ಗೋಧಿ.
ಒಳಗೆ ನಾನು
ಬಚ್ಚಲ ತಣ್ಣನೆ ನೆಲಕ್ಕೆ ಕೆನ್ನೆಯೊತ್ತಿ
ತಿಂದದ್ದರ ಲೆಕ್ಕ ಹಾಕುತ್ತಿದ್ದೇನೆ.

ಬೆಳಿಗ್ಗೆ ಮೊಸರು, ಒಂದು ಬಾಳೆಹಣ್ಣು.
(ಬಾಳೆಹಣ್ಣಿಗೆ ಸಿಪ್ಪೆಯಿದೆ. ದೇವರು ದೊಡ್ಡವನು.)
ಮಧ್ಯಾಹ್ನ ಶಾಲೆಗೆ ಮನೆಯದೇ ಡಬ್ಬಿ, ಮನೆಯದೇ ಚಮಚ.
ಸಂಜೆ ಬರಿಯ ಚಹಾ; ಹೆಡ್‌ಮೇಡಂ ಕೊಟ್ಟ ಬಿಸ್ಕತ್ತು
ಹಲ್ಲುನೋವೆಂದು ಹೇಳಿ ಚೀಲಕ್ಕಿಳಿಸಿದೆ.
ರಾತ್ರಿ ಮೆಕ್ಕೆಜೋಳದ ರೊಟ್ಟಿ, ಕಢಿ.
ಹಿಟ್ಟು ನನ್ನತ್ತೆ ಬೀಜಿ ಕೈಯಾರೆ ಬೀಸಿದ್ದು,
ಗಿರಣಿಯ ಕಲ್ಲನ್ನು ಅವಳು ನಂಬುವುದಿಲ್ಲ:
"ಅದು ಊರೆಲ್ಲರ ಗೋಧಿ ತಿಂದ ಕಲ್ಲು,
ಅದರ ಬಾಯಿ ತೊಳೆಸುವವರು ಯಾರು?"

ಹಾಗಾದರೆ ಎಲ್ಲಿಂದ?
ಗಾಳಿಯಿಂದಲೇ? ಕಣದ ಹೊಟ್ಟು ಕಿಟಕಿಯಲ್ಲಿ ನುಸುಳಿತೇ?
ದಿಲ್‌ಬಾಗ್ ಹೊಲದಿಂದ ಬಂದವನು
ಕೈ ತೊಳೆದ ಮೇಲೆಯೇ ನನ್ನ ತಟ್ಟೆ ಮುಟ್ಟಿದ, ನಾನೇ ನೋಡಿದೆ.
ನೋಡಿದೆನೇ?
ಹೀಗೆ ಗಂಡನ ಉಗುರನ್ನೂ ಶಂಕಿಸುವ ಹೊತ್ತು ಇದು.

ಲೂಧಿಯಾನದ ಡಾಕ್ಟರು ಗೋಧಿ ಬಿಡಿ ಅಂದ ದಿನ
ಅಪ್ಪ ನಕ್ಕಿದ್ದ, ಮೀನಿಗೆ ನೀರು ಬಿಡು ಅಂದ ಹಾಗಾಯಿತು ಎಂದು.
ನಾಲ್ಕು ವರ್ಷವಾಯಿತು. ಬಿಟ್ಟಿದ್ದೇನೆ.
ಅದು ನನ್ನನ್ನು ಬಿಟ್ಟಿಲ್ಲ.

ಇದರ ಪಂಚಾಂಗ ನನಗೆ ಬಾಯಿಪಾಠ:
ಇವತ್ತು ಹೊಟ್ಟೆ, ನಾಳೆ ಕೀಲುಕೀಲು,
ನಾಡಿದ್ದು ತಲೆಯೊಳಗೆ ಒದ್ದೆ ಹತ್ತಿ,
ಏಳರ ಮಗ್ಗಿ ಏಳೈದಕ್ಕೆ ಬಂದು ನಿಂತುಬಿಡುತ್ತದೆ,
ಎರಡನೆಯ ತರಗತಿ ಬಾಯಿ ತೆರೆದು ಕಾಯುತ್ತದೆ.
ಆಮೇಲೊಂದು ಕಾರಣವಿಲ್ಲದ ಅಳು.
ಮದ್ದಿಲ್ಲ. ಬಿಸಿನೀರಿನ ಚೀಲ, ಉಪ್ಪು ಹಾಕಿದ ಗಂಜಿ, ನಿದ್ದೆ;
ಕರೆಯದೆ ಬಂದ ನೆಂಟ ತಾನಾಗಿ ಏಳುವವರೆಗೆ
ಚಾಪೆ ಸುತ್ತುವ ಹಾಗಿಲ್ಲ.

ಮೂರು ಗಂಟೆಗೆ ಗೋಡೆ ಹಿಡಿದು ಅಡುಗೆಮನೆಗೆ ಹೋದೆ.
ಮೊಬೈಲಿನ ಬೆಳಕಲ್ಲಿ ಡಬ್ಬಿಗಳು ಕಳ್ಳರಂತೆ ಕಣ್ಣು ಮಿಟುಕಿಸಿದವು.
ಅರಿಸಿನ. ಜೀರಿಗೆ. ಮೆಂತ್ಯ.
ಹಳದಿ ಮುಚ್ಚಳದ ಪುಟ್ಟ ಇಂಗಿನ ಡಬ್ಬಿ, ಹೊಸದು.
ತಿರುಗಿಸಿದೆ. ಸಾಸಿವೆಗಿಂತ ಸಣ್ಣ ಅಕ್ಷರ:
ಗೋಂದು, ಗೋಧಿ ಹಿಟ್ಟು,
ಕೊನೆಗೆ, ಮರ್ಯಾದೆಗೆ, ಇಂಗು.

ಇಂಗು ತಿಂದ ಮಂಗನ ಹಾಗೆ ನಿಂತೆ ಅಲ್ಲೇ.
ನಗು ಬಂತು, ನಕ್ಕರೆ ಹೊಟ್ಟೆ ಹಿಂಡಿತು.
ಒಂದು ಚಿಟಿಕೆ! ಕಢಿಯ ಒಗ್ಗರಣೆಗೆ,
ಸೊಸೆಗೆ ವಾಯುವಾಗದಿರಲೆಂದು ಹಾಕಿದ್ದು.

ಬಾಗಿಲಲ್ಲಿ ಬೀಜಿ. ಅವಳೂ ಮಲಗಿಲ್ಲ.
"ಕಾವಲಿ ಬೇರೆ ಇಟ್ಟೆ. ಲಟ್ಟಣಿಗೆ ಬೇರೆ.
ಬಟ್ಟೆ ಬೇರೆ. ಬೂದಿಯಲ್ಲಿ ಎರಡು ಸಲ ತಿಕ್ಕಿದೆ."
ಕಟಕಟೆಯಲ್ಲಿ ನಿಂತವಳಂತೆ ಒಂದೊಂದೇ ಹೇಳುತ್ತಾಳೆ,
ನಾನು ಕೇಳಿಯೇ ಇಲ್ಲ.
ಡಬ್ಬಿಯನ್ನು ದುಪಟ್ಟಾದೊಳಗೆ ಸರಿಸಿದೆ.
"ನಿನ್ನದೇನಿಲ್ಲ, ಬೀಜಿ. ಪೇಟೆಯಲ್ಲಿ ಚಾಟ್ ತಿಂದೆ. ಆಸೆಯಾಯಿತು."

ಅವಳು ಸುಮ್ಮನೆ ನೋಡಿದಳು.
"ಸ್ಕೂಟರು ಮಂಗಳವಾರದಿಂದ ಪಂಕ್ಚರಾಗಿ ಬಿದ್ದಿದೆ," ಅಂದಳು.

ಬೆಳಗಾದಾಗ ಅಂಗಳದ ಮಂಚದ ಮೇಲೆ
ಅಡುಗೆಮನೆಯೇ ಹರಡಿತ್ತು. ಎಲ್ಲ ಡಬ್ಬಿ, ಎಲ್ಲ ಪೊಟ್ಟಣ,
ಹಪ್ಪಳ, ಹಳೆಯ ಚೂರ್ಣ, ಕೆಮ್ಮಿನ ಔಷಧಿ ಕೂಡ.
ಓದು ಬಾರದ ಬೀಜಿ ತಲೆಗೆ ಸೆರಗು ಹೊದ್ದು
ಗುರುದ್ವಾರದಲ್ಲಿ ಕೂರುವ ಹಾಗೆ ಕಾಲು ಮಡಚಿ ಕೂತಿದ್ದಳು.
"ಓದು."

ಓದಿದೆ. ಗಂಜಿ ಗುಟುಕರಿಸುತ್ತ, ನಡುನಡುವೆ ಒಳಗೋಡುತ್ತ, ಓದಿದೆ.
ಇಂಗಿನ ಸರದಿ ಬಂದಾಗ ದನಿ ತಗ್ಗಿತು.
ಅವಳು ಕೈ ಚಾಚಿ ಅದನ್ನು ತೆಗೆದುಕೊಂಡು
ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು, ಏನೂ ಅನ್ನದೆ.

ಕೊನೆಯದು ಉಪ್ಪಿನ ಪೊಟ್ಟಣ.
"ಉಪ್ಪು," ಅಂದೆ. "ಬರೀ ಉಪ್ಪು."

"ಇನ್ನೊಮ್ಮೆ ಓದು."