ಲಾಭ, ಎರಡು, ಮೂರು

ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆಯಂತೆ, ಮನೆಗೇ ಬಂದು ಕೇಳಿದರು:
ಪುಟ್ಟಹೊನ್ನಯ್ಯನವರೇ, ವಿಶ್ವವಿದ್ಯಾಲಯ ಬೆಳೆದ ಬಗೆ
ನಾಲ್ಕು ಮಾತು ಬರೆದುಕೊಡಿ.
ಮಾತು ಬರೆದವನಲ್ಲ ನಾನು. ಮೂವತ್ತೊಂದು ವರ್ಷ
ಪುಸ್ತಕದ ಬೆನ್ನಿಗೆ ನಂಬರು ಬರೆದವನು.

ಶುರುವಾದದ್ದು ಏಣಿಯಿಂದ.
ತುಮಕೂರಿನ ಮಂಡಿಪೇಟೆ, ಕೆಳಗೆ ಕೊಬ್ಬರಿ ಗೋದಾಮು,
ಮೇಲೆ ಬಾಡಿಗೆಯ ಎರಡು ಕೋಣೆ, ಮೆಟ್ಟಿಲಿಲ್ಲ.
ನಿರ್ದೇಶಕರು ಪಂಚೆ ಎತ್ತಿ ಕಟ್ಟಿ ಮೊದಲು ಹತ್ತಿದರು,
ಹಿಂದೆ ರಸಾಯನಶಾಸ್ತ್ರ, ಅದರ ಹಿಂದೆ ಕನ್ನಡ ಎಂ.ಎ.,
ಕೊನೆಗೆ ನಾನು, ತಲೆಯ ಮೇಲೆ ಗೋಣಿಚೀಲದಲ್ಲಿ
ಗ್ರಂಥಾಲಯ.

ಮುನ್ನೂರ ಹನ್ನೆರಡು ಪುಸ್ತಕ. ಒಂಬತ್ತಕ್ಕೆ ಗೆದ್ದಲು.
ತಿಂದದ್ದಕ್ಕೂ ನಂಬರು ಹಾಕು ಎಂದರು ನಿರ್ದೇಶಕರು,
ಓದಿದವರು ಯಾರಾದರೇನು.

ಮೇಲೆ ಸ್ಪಿರಿಟ್ ದೀಪ, ಕೆಳಗೆ ಎಣ್ಣೆಯ ಕಾಯಿ,
ಮಂಡಿ ಸಾಹುಕಾರರಿಗೆ ಎರಡು ವರ್ಷ ನಿದ್ದೆಯಿಲ್ಲ.
ಹಲಗೆ ಸಂದಿಯಿಂದ ಹಮಾಲರ ಎಣಿಕೆ ಏರಿ ಬರುತ್ತಿತ್ತು:
ಲಾಭ, ಎರಡು, ಮೂರು, ನಾಲ್ಕು…
ಮಂಡಿಯಲ್ಲಿ ಒಂದು ಅನ್ನಬಾರದು, ಒಂದು ಎಂದರೆ ಒಂಟಿ.
ನಾನೂ ಮೊದಲ ಪುಸ್ತಕ ಮಡಿಲಿಗಿಟ್ಟುಕೊಂಡು
ಬರೆದದ್ದು ಒಂದು,
ಬಾಯಲ್ಲಿ ಅಂದದ್ದು ಲಾಭ.

ಆಮೇಲೆ ಜಾಗ ಸಿಕ್ಕಿತು, ಸಿರಾ ರಸ್ತೆಯಾಚೆ, ಹಟ್ಟಿಯ ಗೋಮಾಳ.
ಸರ್ಕಾರದ ಕಾಗದದಲ್ಲಿ ಖಾಲಿ ಎಂದಿತ್ತು.
ಖಾಲಿ ಜಾಗದ ತುಂಬ ಚಿತ್ತಯ್ಯನ ಕುರಿ ನಿಂತಿದ್ದವು.
ಅವನು ಜಗಳಕ್ಕೆ ಬರಲಿಲ್ಲ.
ಸರ್ವೆಯವರು ಸರಪಳಿ ಎಳೆದಾಗ ಒಂದು ತುದಿ ತಾನೇ ಹಿಡಿದುಕೊಂಡು
ಕೇಳಿದ: ಇಲ್ಲಿ ನೀವೇನ್ ಮೇಯಿಸ್ತೀರಿ, ಸಾಮಿ?
ಐದು ಕುಲಪತಿಗಳು ಬಂದು ಹೋದರು.
ಘಟಿಕೋತ್ಸವದ ಭಾಷಣವೆಲ್ಲ ಅದಕ್ಕೇ ಉತ್ತರವೆಂದು
ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಒಂದಕ್ಕೊಂದು ತಾಳೆಯಿಲ್ಲ.

ನಕ್ಷೆಯವರು ಹಾಕಿದ ಸಿಮೆಂಟು ದಾರಿಯಲ್ಲಿ ಇಂದಿಗೂ ಗರಿಕೆ.
ಹಾಸ್ಟೆಲ್ಲಿನ ಮಕ್ಕಳು ಗ್ರಂಥಾಲಯಕ್ಕೆ ಬರುವುದು
ಕುರಿ ಸವೆಸಿಟ್ಟ ಓರೆದಾರಿಯಲ್ಲೇ.

ಪಾವಗಡದ ಕಡೆಯಿಂದ ಓಬಳಮ್ಮ ಬಂದಳು.
ನಕ್ಕರೆ ಬಾಯಿಗೆ ಕೈ ಅಡ್ಡ.
ಹಲ್ಲಿನ ಮೇಲೆ ಕಂದು ಗೆರೆ, ಊರ ಬೋರ್‌ವೆಲ್ಲಿನ ಫ್ಲೋರೈಡು ಗೀಚಿದ್ದು.
ಆರು ವರ್ಷ ಬಸ್ಸಿನ ಕೊನೇ ಸೀಟು, ಕಾಲ ಸಂದಿಯಲ್ಲಿ ಬಾಟಲಿ ಚೀಲ,
ಬಾಟಲಿಗೊಂದು ಹಳ್ಳಿಯ ಹೆಸರು.
ನೀರಿಗೂ ಲಗೇಜು ಕೊಡಬೇಕಮ್ಮ ಎನ್ನುತ್ತಿದ್ದ ಕಂಡಕ್ಟರು
ನಾಲ್ಕನೇ ವರ್ಷ ತನ್ನೂರ ನೀರು ತಾನೇ ತಂದುಕೊಟ್ಟ.

ಮೌಖಿಕ ಪರೀಕ್ಷೆಯ ದಿನ ನನ್ನ ಕೈಯಲ್ಲಿ ಚಹಾ ತಟ್ಟೆ.
ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ,
ಒಟ್ಟು ನಮೂನೆ ಎಷ್ಟು?
ನಾನ್ನೂರ ಏಳು, ಎಂದಳು.
ತಡೆದಳು.
ಬಾಯಿಂದ ಕೈ ತೆಗೆದು, ಅವರತ್ತ ನೇರ ನೋಡಿ,
ಇದೂ ಸೇರಿ ನಾನ್ನೂರ ಎಂಟು.
ಚಹಾ ಆರಿತು. ಯಾರೂ ಕುಡಿಯಲಿಲ್ಲ.

ಪ್ರಬಂಧಗಳಿಗೆ ಬೇರೆ ದಫ್ತರ. ರಾತ್ರಿ ಒಬ್ಬನೇ ಕೂತು
ಹೊಸ ಹಾಳೆಯ ಮೊದಲ ಸಾಲಿಗೆ ಅವಳದನ್ನು ಏರಿಸಿದೆ.
ಬಾಯಿ ತಾನಾಗಿ ಅಂದಿತು, ನಿಮಗೆ ಗೊತ್ತು ಏನೆಂದು.

ಈಗ ಆರು ಅಂತಸ್ತು, ಲಿಫ್ಟು. ಪುಸ್ತಕ ಹೊರಗೆ ಹೋದರೆ ಬಾಗಿಲೇ ಕಿರಚುತ್ತದೆ.
ದಿಲ್ಲಿಯಿಂದ ಬಂದು ಅಂಕ ಕೊಟ್ಟು ಹೋಗುತ್ತಾರೆ.
ಏಣಿ ಎಲ್ಲಿ ಹೋಯಿತೋ, ಕೇಳಿದರೆ ನಗುತ್ತಾರೆ.
ಮೊದಲ ನಂಬರಿನ ಪುಸ್ತಕ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿದೆ.
ಹೋದ ವಾರ ಕೇಳಿ ತೆಗೆಸಿ, ಮೂಗಿಗೆ ಹಿಡಿದೆ.
ಕೊಬ್ಬರಿ.
ಎಪ್ಪತ್ತಾರನೇ ಪುಟದಲ್ಲಿ ಎಣ್ಣೆ ಕಲೆ, ಅಂಗೈಯಗಲ.
ಬೆಳಕಿಗೆತ್ತಿದರೆ ಆಚೆ ಪುಟದ ಅಕ್ಷರ ಈಚೆಗೆ ತೋರುತ್ತದೆ,
ಎರಡೂ ಒಟ್ಟಿಗೆ ಓದಬಹುದು, ತಲೆಕೆಳಗೋ ನೇರವೋ.

ಅಚ್ಚು ಹಾಕುವುದಾದರೆ, ಸಂಪಾದಕರೇ,
ಗೆದ್ದಲಿನ ಒಂಬತ್ತನ್ನೂ ಪಟ್ಟಿಗೆ ಸೇರಿಸಿ.
ಕುಲಪತಿಗಳ ಫೋಟೋ ಮುಗಿದ ಮೇಲೆ
ಚಿತ್ತಯ್ಯನಿಗೊಂದು ಪುಟ ಖಾಲಿ ಬಿಡಿ.
ಸರ್ಕಾರದ ಕಾಗದದಲ್ಲಿದ್ದ ಖಾಲಿ ಅಲ್ಲ.