ನೀರಿಗೆ ಕೊಕ್ಕೆ ಇಲ್ಲ

ಉಮದಿಯ ಕನ್ನಡ ಶಾಲೆಯ ಬಾವಿಯಲ್ಲಿ ನೀರಿತ್ತು,
ದಂಡೆಯಿಂದ ನಲವತ್ತೆರಡು ಅಡಿ ಕೆಳಗೆ,
ಬಗ್ಗಿದರೆ ಮುಖ ಕಾಣುವಷ್ಟು ತಿಳಿ.
ದಂಡೆಯ ಮೇಲಿನ ಮೋಟರು ಮಾತ್ರ
ಒಣಗಂಟಲಲ್ಲಿ ಒದರುತ್ತಿತ್ತು.

ಮೂರು ಎಚ್.ಪಿ. ಸಾಲದೆಂದು ಐದು ತಂದರು.
ಐದು ಸಾಲದೆಂದು ಏಳೂವರೆ.
“ಒಂದೆತ್ತು ಜಗ್ಗಲಿಲ್ಲಂದ್ರ ಜೋಡಿ ಹೂಡಬೇಕ್ರಿ” ಅಂದರು
ಶಾಲಾ ಸಮಿತಿಯ ಬಿರಾದಾರರು,
ಜತ್ತಿನಲ್ಲಿ ಮೋಟರು ಮಾರಿದ ಮಲಕಾರಿಗೆ ಬೈಯುತ್ತ.
ನಾನೂ ತಲೆಯಾಡಿಸಿದೆ.
ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದವಳು,
ಹಲಗೆಯ ಮೇಲೆ ಬಾವಿ ಬರೆದು, ಬಾಣ ಬರೆದು,
‘ಪಂಪು ನೀರನ್ನು ಎಳೆಯುತ್ತದೆ’ ಎಂದು
ದುಂಡಗೆ ಬರೆದವಳು.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ದಸ್ತಗೀರ ತಾಂಬೋಳಿ
ಬೆರಳಿನ ವಾರ್ನಿಶು ಒರೆಸಿಕೊಳ್ಳುತ್ತ ಕೇಳಿದ:
“ಅಕ್ಕೋರ, ಹಿಡಿದು ಎಳೀಲಿಕ್ಕೆ
ನೀರಿಗೆ ಕೊಕ್ಕೆ ಎಲ್ಲೈತ್ರಿ?”

ಗಾಜಿನ ಸೀಸೆಗೆ ಕಂಠಮಟ ನೀರು ತುಂಬಿದ.
ಪಪ್ಪಾಯಿ ದೇಟು ಇಳಿಬಿಟ್ಟು
ಬಾಯಿಗೆ ಬಿಸಿಯೂಟದ ಕಣಕ ಮೆತ್ತಿ ಬಿಗಿ ಮಾಡಿದ.
“ಕುಡಿಯವ್ವಾ ಮಾಯಕ್ಕ.”
ಹುಡುಗಿಯ ಕೆನ್ನೆ ಒಳಗೆ ಹೋದವು, ಕಣ್ಣು ಹೊರಗೆ ಬಂದವು.
ತೊಟ್ಟು ನೀರು ಏರಲಿಲ್ಲ.
ದಬ್ಬಣದಿಂದ ಕಣಕಕ್ಕೊಂದು ತೂತು ಹೊಡೆದ.
ಗುಟುಕು, ಗುಟುಕು.
“ಎಳಿಯೋದು ಬಾಯಿ ಆಗಿದ್ರ
ಕಣಕ ಅದಕ್ಕೇನು ಅಡ್ಡಿ ಮಾಡ್ತಿತ್ತು?
ಈ ತೂತಿನಾಗ ಒಳಗ ಹೋದವರ್ಯಾರು?”
“ಗಾಳಿ” ಅಂದಳು ಮಾಯಕ್ಕ, ನನಗಿಂತ ಮೊದಲು.

ವಾತಾವರಣದ ಒತ್ತಡ: ಎರಡು ಅಂಕದ ಪ್ರಶ್ನೆ.
ನಾನು ಅದನ್ನೂ ಕಲಿಸಿದ್ದೆ, ಬೇರೆ ಪಾಠದಲ್ಲಿ.
ಆ ಪುಟ ಎಂದೂ ಈ ಬಾವಿಯ ತನಕ
ನಡೆದು ಬಂದಿರಲಿಲ್ಲ.

ಗಾಳಿ ನೂಕುವುದಾದರೆ ನೂಕಲಿ, ಸುಸ್ತಾಗುವುದೇಕೆ?
ಕೇಳಿದವಳು ನಾನೇ.
ಆದಿತ್ಯವಾರ ನೀರಿನ ಟಾಕಿಯ ಮೇಲಿಂದ
ನಲವತ್ತಡಿ ಪೈಪು ಇಳಿಬಿಟ್ಟೆವು,
ತುಂಬ ನೀರು, ಮೇಲೆ ಬಿರಡೆ, ಕೆಳತುದಿ ಬಕೆಟ್ಟಿನ ನೀರಲ್ಲಿ.
ಮೊದಲ ಪೈಪು ಮೆತ್ತಗಿನದು.
ಕೆಳಗೆ ಬಿಚ್ಚಿದ್ದೇ ತಡ, ಮೇಲ್ಗಡೆ ಚಪ್ಪಟೆಯಾಗಿ
ದನದ ನಾಲಗೆಯಂತೆ ಅಂಟಿಕೊಂಡಿತು.
ಬಿರಾದಾರರು ನಕ್ಕರು. ದಸ್ತಗೀರ ನಗಲಿಲ್ಲ.
“ಯಾರೂ ಮುಟ್ಟಿಲ್ಲ. ಹಂಗಾರ ಹಿಚುಕಿದ್ದು ಯಾರ ಕೈ?”

ಆಮೇಲೆ ದ್ರಾಕ್ಷಿ ತೋಟದಿಂದ
ನೂಲು ಹೆಣೆದ ದಪ್ಪ ಪೈಪು ತರಿಸಿದ, ಒಳಗಿನದು ಕಾಣುವಂಥದು.
ನೀರು ಸರ್ರನೆ ಇಳಿಯಿತು. ತೂಗಿತು. ನಿಂತಿತು.
ಮಾಯಕ್ಕ ಅಡಿಅಡಿಗೂ ಸುಣ್ಣದ ಗೆರೆ ಹಾಕಿದ್ದಳು.
ಮೂವತ್ತರ ಮೇಲೆ ಅರ್ಧ ಗೇಣು, ಅಷ್ಟೇ.
ಅದರ ಮೇಲೆ
ಏನೂ ಇಲ್ಲ.
“ಏನೂ ಇಲ್ಲಂದ್ರೇನು? ಗಾಳಿ ಹೊಕ್ಕೈತಿ” ಎಂದರು ಬಿರಾದಾರರು.
ಒಳ್ಳೆಯ ಮಾತು. ನನಗೂ ಹಾಗೇ ಅನ್ನಿಸಿತ್ತು.
ದಸ್ತಗೀರ ಮೇಲಿನ ತುದಿ ಮೆಲ್ಲಗೆ ತಗ್ಗಿಸಿದ.
ನೀರು ಏರಿ ಏರಿ ಬಿರಡೆಯ ಹತ್ತಿರ ಬಂತು,
ಉಳಿದದ್ದು ಕಡಲೆಕಾಳಿನಷ್ಟು ಒಂದು ಗುಳ್ಳೆ.
“ಹತ್ತಡಿ ಗಾಳಿ ಇದ್ದಿದ್ರ ಈಗೆಲ್ಲಿ ಹೋತ್ರಿ, ಯಜಮಾನ್ರ?”
ಬಿರಾದಾರರು ಬಿರಡೆ ನೋಡಿದರು,
ಆಮೇಲೆ ಆಕಾಶ ನೋಡಿದರು,
ಮೊದಲ ಸಲ ಅದಕ್ಕೆ ಭಾರವಿದೆ ಎಂಬಂತೆ.

ಬಾವಿಯೊಳಗೆ ಮೂವತ್ತಡಿಗೆ ಒಂದು ಕಲ್ಲಿನ ಕಟ್ಟೆ.
ಮೊದಲಿನ ಮೂರು ಎಚ್.ಪಿ.ಯನ್ನೇ ಅಲ್ಲಿಗೆ ಇಳಿಸಿದರು.
ಅಲ್ಲಿಂದ ಮೇಲಕ್ಕೆ ಅದು ನೂಕಬಲ್ಲದು,
ನೂಕುವುದಕ್ಕೆ ಮೂವತ್ತೊಂದರ ಬೇಲಿ ಇಲ್ಲ.
ಸಂಜೆ ಮಕ್ಕಳು ನಲ್ಲಿಗೆ ಬಾಯಿ ಕೊಟ್ಟು ಕುಡಿದರು.
ಸೋಮವಾರ ಹಲಗೆ ಒರೆಸಿ ಬರೆದೆ:
ಪಂಪು ಜಾಗ ಬಿಡುತ್ತದೆ. ಗಾಳಿ ನೂಕುತ್ತದೆ.
ಅಕ್ಷರ ಈ ಸಲ ಅಷ್ಟು ದುಂಡಗಿರಲಿಲ್ಲ.

ಏಳೂವರೆಯ ಮೋಟರು ಮರಳಿಸಲು
ಬಿರಾದಾರರ ಜೊತೆ ಜತ್ತಿಗೆ ಹೋದೆ.
ಮಲಕಾರಿ ಗಲ್ಲೆಯಿಂದ ಎದ್ದು ಬಂದು
ಕಾಲಿಗೆ ಬಿದ್ದ. ಒಂಬತ್ತು ವರ್ಷದ ಹಿಂದೆ
ಮೂರನೆಯ ಬೆಂಚಿನಲ್ಲಿದ್ದ ಹುಡುಗ.
“ನೀವs ಕಲಿಸಿದ್ರಲ್ರೀ ಅಕ್ಕೋರ,
ಪಂಪು ಎಳಿತೈತಿ ಅಂತ.
ಅದಕ್ಕs ದೊಡ್ಡದು ಕೊಟ್ಟೆ.”