ನಾಲ್ಕು ಸಾವಿರದ ನಾನೂರು ಸುತ್ತು

ಹದಿನಾಲ್ಕು ಸ್ಪೀಕರು, ಸೀಟಿನ ಬೆನ್ನಿಗೊಂದು ಸಬ್‌ವೂಫರು,
ಕಾರ್ಖಾನೆಯಲ್ಲೇ ಕೂರಿಸಿ ಕೊಡುತ್ತಾರೆ,
ಐದು ಸಾವಿರದ ಇನ್ನೂರು ಯೂರೋ ಮಾತ್ರ.
ಈ ವಾಕ್ಯ ನನಗೆ ಬಾಯಿಪಾಠ.
ಎಸ್ಲಿಂಗೆನ್ನಿನ ಈ ಷೋರೂಮಿನಲ್ಲಿ, ನೆಕ್ಕರ್ ಹೊಳೆಗೆ ಬೆನ್ನು ಮಾಡಿ
ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ.
ಹೂಂ ಅನ್ನುತ್ತಾರೆ ಹೆಚ್ಚಿನವರು.
ಮೂರು ಬಗೆಯ ಕೆಂಪು ನೋಡಿ ದಣಿದವರಿಗೆ
ಕಿವಿಯ ಖರ್ಚು ಲೆಕ್ಕಕ್ಕೆ ಬರುವುದಿಲ್ಲ.

ಫ್ರೌ ಶ್ಟೀಗ್ಲರ್ ಒಬ್ಬರೇ, 'ಕೇಳಿಸಿ' ಎಂದವರು.

ಅರವತ್ತೆಂಟು ವರ್ಷ. ಪಿಯಾನೋಗಳ ಶ್ರುತಿ ಮಾಡಿ ಮಾಡಿ
ಬಲ ಮಣಿಕಟ್ಟು ಎಡದ್ದಕ್ಕಿಂತ ದಪ್ಪ.
ಇಗರ್ಜಿಯವು, ಶಾಲೆಯವು, ಸತ್ತವರ ಮನೆಯವು
ಎಲ್ಲ ಸೇರಿ ಕೊಡಿಸುತ್ತಿರುವ ಕಾರು ಇದು, ಎಂದು ನಕ್ಕರು.
ಬಾಗಿಲು ಹಾಕಿದೆ. ಡಬ್ಬಿ ಮುಚ್ಚಿದ ಸದ್ದು.
ಕಂಪನಿಯೇ ಆರಿಸಿ ಕಳಿಸಿದ ಚೆಲ್ಲೋ ಹಚ್ಚಿದೆ,
ಎಂಥವರೂ ಸೋಲುವಂಥದು.
ಕಣ್ಣು ಮುಚ್ಚಿಕೊಂಡೇ ಅವರೆಂದರು:
'ಚೆಲ್ಲೋ ನನ್ನ ಮೊಣಕಾಲಲ್ಲಿದೆ,
ನುಡಿಸುವವನು ಮುಂದಿನ ಗಾಜಿನ ಮೇಲೆ ಕೂತಿದ್ದಾನೆ.
ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿದೆ.
ಆದರೆ ಹೆರ್ ಟೋಪಾಲ್, ಕಾರು ನಿಂತಿದೆ.'

ಹೆದ್ದಾರಿಗೆ ಇಳಿದೆವು.
ನೂರ ಮೂವತ್ತರಲ್ಲಿ ಅಗಲ ಟಯರು ಡಾಂಬರು ಅರೆಯುತ್ತ
ಮಂದ್ರವನ್ನೆಲ್ಲ ತಿಂದಿತು. ತಾರವನ್ನು ಗಾಳಿ ಹೊತ್ತೊಯ್ದಿತು.
ಉಳಿದಷ್ಟು ಚೆಲ್ಲೋ
ಸಂತೆಯ ನಡುವೆ ಗುಟ್ಟು ಹೇಳಹೊರಟವನ ಹಾಗೆ
ಬಾಯಿ ಆಡಿಸಿತು.
ಒಂಬತ್ತು ಕಿಲೋ ತೂಗುತ್ತದೆ ಈ ವೈಭವ.
ಎರಡು ಕಿಲೋ ಇಳಿಸಲೆಂದು ಬಾಗಿಲ ಹಿಡಿ ಕೀಳಿಸಿ
ಬಟ್ಟೆಯ ಪಟ್ಟಿ ಕಟ್ಟಿಸಿಕೊಳ್ಳುವವರೂ ಇದೇ ಗಿರಾಕಿಗಳು,
ಅದಕ್ಕೂ ದುಡ್ಡು ಕೊಟ್ಟು.
ಇದನ್ನು ನಾನು ಯಾರಿಗೂ ಹೇಳಿಲ್ಲ.

ಆಕೆ ಹಾಡು ಆರಿಸಿದರು.
ಕೈಚೀಲದಿಂದ ಶ್ರುತಿಕವೆ ತೆಗೆದು, ಮಂಡಿಗೆ ತಟ್ಟಿ,
ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು
'ಏರಿಸಿ' ಎಂದರು.
ಮುಳ್ಳು ಏರಿತು. ಮೂರು ಸಾವಿರ. ನಾಲ್ಕು.
'ಇನ್ನೂ. ಇನ್ನೊಂದು ಚೂರು. ಹಾಂ, ಅಲ್ಲೇ.'
ನಾಲ್ಕು ಸಾವಿರದ ನಾನೂರು.
ಆರು ಸಿಲಿಂಡರು ಕೂಡಿ, ಕವೆಗೆ ಸರಿಯಾಗಿ
ಒಂದು ಸ್ಥಾಯಿ ಕೆಳಗೆ, ಕೂತವು.
(ರಾತ್ರಿ ಅಡುಗೆಮನೆಯಲ್ಲಿ ಗುಣಿಸಿ ನೋಡಿದೆ: ಹೌದು, ಇನ್ನೂರ ಇಪ್ಪತ್ತು.)
ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ,
ಇಲ್ಲಿ ಕೋಣವೇ ಹಾಡುತ್ತಿತ್ತು.

'ಇದಕ್ಕೂ ಬೇರೆ ದುಡ್ಡೇ?'

ಸುಮ್ಮನಿರಬಹುದಿತ್ತು.
'ಇದರಲ್ಲೂ ಒಂದು ಪಾಲು ಸ್ಪೀಕರಿನದು, ಫ್ರೌ ಶ್ಟೀಗ್ಲರ್.
ಎಂಜಿನ್ನಿನ ದನಿಗೆ ಒತ್ತು ಕೊಡಲು ಕಂಪನಿ ಬೆರೆಸುತ್ತದೆ.
ಅಗ್ಗದ ಸೆಟ್ಟಿನಲ್ಲೂ.'
'ಗೊತ್ತಾಯಿತು. ಎಡಗಡೆಯದು ಅಲುಗುವುದೇ ಇಲ್ಲ.
ಜೀವ ಇರುವುದು ಸ್ವಲ್ಪ ಅಲುಗುತ್ತದೆ.'

ಬರುವಾಗ ವೆಂಡ್ಲಿಂಗೆನ್ನಿನ ಹತ್ತಿರ ವಾಹನಗಳ ಸಾಲು.
ಮುಂದೆ ಹಂದಿಗಳ ಲಾರಿ.
ನಲವತ್ತು ನಿಮಿಷ. ಎಂಜಿನ್ನು ತಾನಾಗಿ ಆರಿತು.
ಆಕೆ ಕೈ ಚಾಚಿ ಚೆಲ್ಲೋ ಹಚ್ಚಿದರು. ಎರಡು ಸಲ ಕೇಳಿದೆವು.
ಲಾರಿಯ ಸೀಳಿನಿಂದ ಒಂದು ಮೂತಿ ನಮ್ಮನ್ನೇ ನೋಡುತ್ತಿತ್ತು.
'ಇಂಥ ಕಾರಿನವರು ವಾರಕ್ಕೆ ಎಷ್ಟು ಹೊತ್ತು ನಿಂತಿರುತ್ತಾರೆ?'
'ಓಡುವುದಕ್ಕಿಂತ ಹೆಚ್ಚು,' ಎಂದೆ.

ಆ ದಿನ ಏನೂ ಹೇಳದೆ ಬಸ್ಸು ಹತ್ತಿದರು.
ಗುರುವಾರ ಫೋನು:
'ಹದಿನಾಲ್ಕೂ ಇರಲಿ. ಆ ಸುಳ್ಳು ಎಂಜಿನ್ನು ಮಾತ್ರ ತೆಗೆಸಿಕೊಡಿ.
ಎಷ್ಟಾಗುತ್ತದೆ?'

ನೂರಾ ಹನ್ನೆರಡು ಚೌಕಗಳ ಪಟ್ಟಿ ನನ್ನದು.
ಮೇಲಿಂದ ಕೆಳಗೆ ಬೆರಳಾಡಿಸಿದೆ.
ಅದಕ್ಕೊಂದು ಚೌಕವಿಲ್ಲ.
ಕೊನೆಯ ಸಾಲಿನ ಕೆಳಗೆ, ಸ್ಕೇಲು ಇಡದೆ,
ಪೆನ್ನಿನಲ್ಲಿ ಒಂದು ಬರೆದೆ.